ನನ್ನ ಹೆಸರಿನ ಹಸಿರು ಕಾರ್ಡು

ಶಾಲೆ ಶುರುವಾಗಿ ಮಕ್ಕಳ ಪುಸ್ತಕಗಳಿಗೆ ಬೈಂಡು ಹಾಕಿ ಮುಗಿಯುವ ಮೊದಲೇ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ನನ್ನನ್ನು ಕಚೇರಿಗೆ ಕರೆದರು. ಮೇಜಿನ ಮೇಲೆ ಹಿಂದಿನ ವರ್ಷ ಬಂದಿದ್ದ ಎಚ್ಚರಿಕೆಯ ಪತ್ರ ಇತ್ತು. ಅದನ್ನು ನೋಡಿದ ಕೂಡಲೇ ನನಗೆ ವಿಷಯ ಗೊತ್ತಾಯಿತು.

ನಾನು ಕಾಪುವಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಹಿಂದಿನ ವರ್ಷ ತಾಲೂಕು ಮಟ್ಟದ ಕಬಡ್ಡಿಯಲ್ಲಿ ನಮ್ಮ ಹುಡುಗಿಯರು ಸೆಮಿಫೈನಲ್ ಸೋತು ಅಂಪೈರನ್ನು ಸುತ್ತುವರಿದು ನಿಂತಿದ್ದರು. ಒಬ್ಬಳು ನೀರಿನ ಬಾಟಲಿ ಎಸೆದಳು. ಅದು ಅಂಪೈರಿಗೆ ತಾಗಲಿಲ್ಲ. ಅಂಕ ಬರೆಯುತ್ತಿದ್ದ ಮೇಷ್ಟ್ರ ಪುಸ್ತಕದ ಮೇಲೆ ಬಿದ್ದು ಎರಡು ಪುಟ ಪೂರ್ತಿ ತೊಳೆದುಹೋಯಿತು. ಅಷ್ಟರಲ್ಲಿ ಆ ಹುಡುಗಿಯ ತಾಯಿ ಅಂಕಣದೊಳಗೆ ಬಂದು, ಅಂಪೈರಿಗೆ ಕನ್ನಡಕ ತೆಗೆಸಿಕೊಡುವುದಾಗಿ ಎಲ್ಲರೆದುರು ಹೇಳಿದರು. ಆಕೆ ಪೇಟೆಯಲ್ಲಿ ಮೀನು ಮಾರುವವರು. ಮೈಕಿನ ಅಗತ್ಯ ಬೀಳಲಿಲ್ಲ.

ಸಿಸ್ಟರ್ ಸ್ವರ ಏರಿಸುವವರಲ್ಲ. ಅವರು ಮೆಲ್ಲಗೆ ಮಾತಾಡಿದಷ್ಟೂ ನಮಗೆ ಹೆದರಿಕೆ ಜಾಸ್ತಿ. ಪತ್ರವನ್ನು ನನ್ನ ಕಡೆ ಸರಿಸಿ ಹೇಳಿದರು:

"ಈ ವರ್ಷ ಒಂದು ಕಾರ್ಡು ಬಂದರೂ ಕಬಡ್ಡಿ ನಿಲ್ಲಿಸುವ, ಟೀಚರ್. ಹುಡುಗಿಯರು ಥ್ರೋಬಾಲ್ ಆಡಲಿ. ಅದರಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ, ಅಲ್ವಾ?"

ಕಬಡ್ಡಿಯಲ್ಲಿ ಹಸಿರು ಕಾರ್ಡೆಂದರೆ ಎಚ್ಚರಿಕೆ, ಹಳದಿಯೆಂದರೆ ಎರಡು ನಿಮಿಷ ಹೊರಗೆ, ಕೆಂಪೆಂದರೆ ಆ ಪಂದ್ಯವೇ ಇಲ್ಲ. ಯಾವ ಬಣ್ಣದ ಕಾರ್ಡು ಎಂದು ಸಿಸ್ಟರ್ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಥ್ರೋಬಾಲ್ ಮೇಲೆ ನನಗೆ ದ್ವೇಷವಿಲ್ಲ. ಆದರೆ ನಮ್ಮ ಶಾಲೆಯ ಹನ್ನೆರಡು ಹುಡುಗಿಯರಿಗೆ ಇಡೀ ದಿನದಲ್ಲಿ ಮೈಚಳಿ ಬಿಟ್ಟು ಆಡಲು ಸಿಗುವುದು ಸಂಜೆ ನಾಲ್ಕೂವರೆಯಿಂದ ಆರರವರೆಗಿನ ಕಬಡ್ಡಿ ಅಂಕಣ ಮಾತ್ರ. ಅದನ್ನು ನನ್ನ ಕಣ್ಣೆದುರು ಮುಚ್ಚುವುದೆಂದರೆ ನನಗೆ ಸಂಕಟ. ಆಗಲಿ ಸಿಸ್ಟರ್, ಒಂದು ಕಾರ್ಡೂ ಬರುವುದಿಲ್ಲ ಎಂದು ಮಾತು ಕೊಟ್ಟು ಹೊರಗೆ ಬಂದೆ. ಮಾತು ಕೊಡುವುದರಲ್ಲಿ ನಾನು ಯಾವಾಗಲೂ ಮುಂದೆ.

ಮೊದಲ ಕೆಲಸವಾಗಿ ಬಾಟಲಿ ಎಸೆದವಳನ್ನೇ ನಾಯಕಿ ಮಾಡಿದೆ. ಅವಳು ಹತ್ತನೆಯ ತರಗತಿ. ಎಡ ಕಾರ್ನರಿನಲ್ಲಿ ನಿಂತು ದಾಳಿಗೆ ಬಂದವರ ಕಣಕಾಲು ಹಿಡಿದಳೆಂದರೆ ಬಿಡಿಸಿಕೊಂಡವರು ಕಡಿಮೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು ಎಂದು ಸ್ಟಾಫ್ ರೂಮಿನಲ್ಲಿ ನಗೆಯಾಡಿದರು. ನನ್ನ ಲೆಕ್ಕ ಬೇರೆ ಇತ್ತು. ಇವಳು ಸುಮ್ಮನಿದ್ದರೆ ಉಳಿದ ಹನ್ನೊಂದು ಮಂದಿ ಸುಮ್ಮನಿರುತ್ತಾರೆ.

ನಿಯಮ ಮೂರು ಮಾಡಿದೆ. ಎದುರಾಳಿಯ ಕೈ ಕಾಲು ತಾಗಿದರೆ ಅಂಪೈರ್ ನೋಡಲಿ ಬಿಡಲಿ, ತಾಗಿಸಿಕೊಂಡವಳು ತಾನೇ ಕೈ ಎತ್ತಿ ಹೊರಗೆ ನಡೆಯಬೇಕು. ನಮ್ಮ ಅಜ್ಜಂದಿರು ಗದ್ದೆಯಲ್ಲಿ ಆಡುತ್ತಿದ್ದದ್ದು ಹಾಗೆಯೇ. ಅಲ್ಲಿ ಅಂಪೈರ್ ಎಂಬ ಪ್ರಾಣಿ ಇರಲಿಲ್ಲ. ಎರಡನೆಯದು, ತೀರ್ಪುಗಾರರೊಂದಿಗೆ ನಾಯಕಿ ಮಾತ್ರ ಮಾತಾಡಬೇಕು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಒಂದೇ ವಾಕ್ಯ. ಮೂರನೆಯದು, ಬೇರೆ ಯಾರು ಬಾಯಿ ತೆರೆದರೂ ಎರಡು ನಿಮಿಷ ಹೊರಗೆ. ಮೈದಾನದ ಬದಿಯಲ್ಲಿ ಕಾರ್ಕಳದ ಕಲ್ಲಿನ ಒಂದು ಬೆಂಚು ಇದೆ. ಬಿಸಿಲಿದ್ದರೆ ಸುಡುತ್ತದೆ, ಮಳೆ ಬಂದರೆ ಜಾರುತ್ತದೆ. ಅಲ್ಲಿ ಕೂರಬೇಕು.

ಅಭ್ಯಾಸ ಪಂದ್ಯಗಳಿಗೆ ನಾನೇ ಅಂಪೈರ್. ಬೇಕೆಂದೇ ತಪ್ಪು ತೀರ್ಪು ಕೊಡಲು ಶುರುಮಾಡಿದೆ. ಗೆರೆ ಮುಟ್ಟಿದವಳನ್ನು ಮುಟ್ಟಿಲ್ಲ ಎನ್ನುತ್ತಿದ್ದೆ. ಎದುರಾಳಿಯನ್ನು ಸರಿಯಾಗಿ ಹಿಡಿದವಳನ್ನು ಔಟ್ ಎನ್ನುತ್ತಿದ್ದೆ. ಹೇಳದೆ ಕೇಳದೆ ಅನ್ಯಾಯ ಮಾಡುವುದರಲ್ಲಿ ಎಷ್ಟು ಸುಖವಿದೆ ಎಂದು ಆ ವಾರ ನನಗೆ ಗೊತ್ತಾಯಿತು. ಮೊದಲ ದಿನ ಕಲ್ಲುಬೆಂಚಿನಲ್ಲಿ ಜಾಗ ಸಾಲದೆ ಐದು ಮಂದಿ ಒತ್ತಿಕೊಂಡು ಕೂತರು. ನಾಯಕಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬರುತ್ತಿದ್ದಳು, ಮುಖ ಕೆಂಪು, ಮೂಗು ಅರಳಿರುತ್ತಿತ್ತು. "ಟೀಚರ್, ನನಗೆ ಕಂಡದ್ದು ಬೇರೆ," ಎಂದು ಒಂದೇ ವಾಕ್ಯ ಹೇಳಿ ತಿರುಗುತ್ತಿದ್ದಳು. ಆ ವಾಕ್ಯವನ್ನು ಅವಳೇ ಕಂಡುಕೊಂಡದ್ದು. ಅದರಲ್ಲಿ ಬೈಗುಳವೂ ಇರಲಿಲ್ಲ, ಸೋತ ಭಾವವೂ ಇರಲಿಲ್ಲ. ನನಗೆ ಬಹಳ ಇಷ್ಟವಾಯಿತು.

ಮುಂದೆ ಪಾಲಕರ ಸಭೆ ಕರೆದೆ. ಮೀನು ಮಾರುವ ತಾಯಿ ಬುಟ್ಟಿ ಹೊರಗಿಟ್ಟು ಮುಂದಿನ ಸಾಲಿನಲ್ಲಿಯೇ ಕೂತರು. ಅಂಕಣದ ಹಗ್ಗ ದಾಟಬಾರದು, ಅಂಪೈರಿಗೆ ಬೈಯಬಾರದು, ಎದುರು ತಂಡ ಚೆನ್ನಾಗಿ ಆಡಿದರೆ ಅವರಿಗೂ ಚಪ್ಪಾಳೆ ಹೊಡೆಯಬೇಕು ಎಂದೆ. ಮೊದಲಿನ ಎರಡಕ್ಕೆ ತಲೆಯಾಡಿಸಿದ ಆಕೆ ಮೂರನೆಯದಕ್ಕೆ ಎದ್ದು ನಿಂತರು.

"ಅವರಿಗೆ ಚಪ್ಪಾಳೆ ಹೊಡೆದರೆ ನನ್ನ ಮಗಳಿಗೆ ಎಂತ ಸಿಗ್ತದೆ ಟೀಚರ್?"

ನಿಮ್ಮ ಪಕ್ಕದ ಬುಟ್ಟಿಯವರ ಮೀನು ಹಾಳಾಗಿದೆ ಎಂದು ಕೂಗಿದರೆ ನಿಮ್ಮ ಮೀನಿಗೆ ಗಿರಾಕಿ ಬರುತ್ತಾರಾ ಎಂದು ಕೇಳಿದೆ. ಅವರು ಹೊರಗಿನ ಬುಟ್ಟಿಯತ್ತ ನೋಡಿ, ಬರುವುದಿಲ್ಲ, ಇಬ್ಬರನ್ನೂ ಬಿಟ್ಟು ಹೋಗುತ್ತಾರೆ ಎಂದು ಒಪ್ಪಿಕೊಂಡು ಕೂತರು.

ಇಷ್ಟೆಲ್ಲ ಆಗಿ ಜುಲೈ ಕೊನೆಗೆ ಬೆಳ್ಮಣ್ಣಿನ ಒಂದು ಶಾಲೆಯೊಂದಿಗೆ ಸ್ನೇಹದ ಪಂದ್ಯ ಆಡಲು ಹೋದೆವು. ನಮ್ಮವರು ತಾಗಿದಾಗಲೆಲ್ಲ ಕೈ ಎತ್ತಿದರು. ಆಚೆಯವರು ಎತ್ತಲಿಲ್ಲ. ಅವರು ಏಕೆ ಎತ್ತಬೇಕು, ನಿಯಮ ನನ್ನದು. ಹದಿಮೂರು ಅಂಕಗಳಿಂದ ಸೋತೆವು. ನಮ್ಮ ಒಬ್ಬಳು ಕೈ ಎತ್ತಿ ಹೊರಗೆ ಹೋಗುವಾಗ ಅಲ್ಲಿನ ಮಕ್ಕಳು ತಾವೂ ಕೈ ಎತ್ತಿ ನಕ್ಕರು. ಬರುವ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ.

ಮರುದಿನ ಸಂಜೆ ನಾಲ್ಕೂವರೆಗೆ ಮೈದಾನಕ್ಕೆ ಹೋದರೆ ಅಲ್ಲಿದ್ದದ್ದು ನಾನು ಮತ್ತು ಸುಣ್ಣದ ಪುಡಿಯ ಡಬ್ಬ. ಅದರ ಮರುದಿನವೂ ಹಾಗೆಯೇ. ನನಗೆ ಸಿಟ್ಟು ಬಂತು. ನನ್ನ ಸಿಟ್ಟಿನ ಬಗ್ಗೆ ಹೇಳುವುದಾದರೆ, ಅದು ಬಂದ ಮೇಲೆ ಬಾಗಿಲು ತಟ್ಟುವ ಜಾತಿಯದು. ಕಾಲೇಜಿನಲ್ಲಿ ಆಡುವಾಗ ನಾನೂ ಅಂಪೈರುಗಳ ಪಾಲಿಗೆ ಸಣ್ಣ ತಲೆನೋವಾಗಿರಲಿಲ್ಲ. ಮೂರನೆಯ ದಿನ ನಾಯಕಿಯನ್ನು ತರಗತಿಯಿಂದ ಹೊರಗೆ ಕರೆದು ವಿಚಾರಿಸಿದೆ. ಅವಳು ಹೇಳಿದ್ದು ನಾನು ನಿರೀಕ್ಷಿಸಿದ್ದಲ್ಲ. ಕೈ ಎತ್ತುವುದಕ್ಕೆ, ಸೋತದ್ದಕ್ಕೆ ಅವರಿಗೆ ಬೇಸರವಿರಲಿಲ್ಲ. ಕಲ್ಲಿನ ಮೇಲೆ ಕೂತು ಬಂದ ಮೇಲೂ ನಾನು ಅದನ್ನೇ ಎತ್ತಿ ಎತ್ತಿ ಆಡುತ್ತೇನಂತೆ. ಎರಡು ನಿಮಿಷದ ಶಿಕ್ಷೆ ಎಂದು ಹೇಳಿ ಎರಡು ವಾರ ಕೊಡುತ್ತೇನಂತೆ. ಕೂತು ಎದ್ದರೆ ಅಲ್ಲಿಗೆ ಮುಗಿಯಬೇಕು, ಮತ್ತೆ ಯಾರೂ ಆ ಮಾತು ತೆಗೆಯಬಾರದು. ಅದು ಒಪ್ಪಿಗೆಯಾದರೆ ಬರುತ್ತೇವೆ ಎಂದಳು.

ಅಷ್ಟು ನೇರವಾಗಿ ನನಗೆ ಯಾರೂ ಹೇಳಿರಲಿಲ್ಲ, ಮನೆಯವರೂ ಸಹ. ಒಪ್ಪಿದೆ. ನಾಲ್ಕನೆಯ ನಿಯಮ ಹೀಗೆ ಹುಡುಗಿಯರದ್ದಾಯಿತು.

ಆಮೇಲೆ ನಡೆದದ್ದು ನಿಜವಾದ ತರಬೇತಿ. ಬೆಳ್ಮಣ್ಣಿನ ಪಂದ್ಯವನ್ನು ಮನಸ್ಸಿನಲ್ಲಿ ಮತ್ತೆ ಓಡಿಸಿ ನೋಡಿದಾಗ ಒಂದು ವಿಷಯ ಹೊಳೆಯಿತು. ನಮ್ಮವರು ತಾಗಿಸಿಕೊಳ್ಳುತ್ತಿದ್ದದ್ದೇ ಜಾಸ್ತಿ. ಹಿಂದಿನ ವರ್ಷವೂ ಹಾಗೆಯೇ ಇತ್ತು. ಜಗಳದಲ್ಲಿ ಅದು ಮುಚ್ಚಿಹೋಗುತ್ತಿತ್ತು ಅಷ್ಟೆ. ಈಗ ಕೈ ಎತ್ತಲೇಬೇಕಾದ್ದರಿಂದ ಕಾಲು ಹಿಂದೆ ತೆಗೆಯುವುದನ್ನು ಕಲಿಯದೆ ಬೇರೆ ದಾರಿಯಿರಲಿಲ್ಲ. ಮಳೆಗೆ ಮೈದಾನ ಕೆಸರಾದಾಗ ಸಭಾಂಗಣದಲ್ಲಿ ಚಾಪೆ ಹಾಸಿ ಬರೀ ಹೆಜ್ಜೆ ಕಲಿಸಿದೆ. ಇಬ್ಬಿಬ್ಬರು ಕೈ ಹಿಡಿದು ಸರಪಳಿಯಾಗಿ ಹಿಂದೆ ಸರಿಯುವುದು, ಕಾರ್ನರಿನವಳು ಕಾಲು ಹಿಡಿದ ಕೂಡಲೇ ಅವಳ ಪಕ್ಕ ಕವರ್ ಎಂಬ ಜಾಗದಲ್ಲಿ ನಿಂತವಳು ಸೊಂಟಕ್ಕೆ ಬರುವುದು. ಬಾಯಿ ಮುಚ್ಚಿದ್ದರಿಂದ ಉಳಿದ ಉಸಿರು ಕಾಲಿಗೆ ಇಳಿಯಿತು. ಆಗಸ್ಟ್ ಅರ್ಧ ದಾಟುವಾಗ ಕಲ್ಲುಬೆಂಚು ಖಾಲಿಯಾಗಿತ್ತು, ನನ್ನ ತಪ್ಪು ತೀರ್ಪುಗಳಿಗೆ ಹುಡುಗಿಯರು ಒಳಗೊಳಗೇ ನಗುತ್ತಿದ್ದರು.

ತಾಲೂಕು ಮಟ್ಟದ ಪಂದ್ಯಗಳಲ್ಲಿ ಒಂದು ಕಾರ್ಡೂ ಬರಲಿಲ್ಲ. ಮೀನು ಮಾರುವ ತಾಯಿ ಹಗ್ಗದಾಚೆ ನಿಂತು ಎದುರು ತಂಡದ ಮುಖ್ಯ ದಾಳಿಗಾರ್ತಿಯನ್ನು ಹೊಗಳತೊಡಗಿದರು. ಏನು ಓಟ, ಏನು ಎತ್ತರ, ಯಾರ ಮನೆಯ ಮಗು ಇದು, ದೃಷ್ಟಿ ತೆಗೆಯಿರಿ ಎಂದು ತುಳುವಿನಲ್ಲಿ ಕೂಗುತ್ತಲೇ ಹೋದರು. ಆ ಹುಡುಗಿಗೆ ನಾಚಿಕೆಯಾಗಿ ಕಾಲೇ ಬರದಾಯಿತು. ಅವರ ಶಿಕ್ಷಕರು ಅಂಪೈರಿಗೆ ದೂರು ಕೊಟ್ಟರು. ಹೊಗಳಬಾರದು ಎಂದು ನಿಯಮ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ ಎಂದು ಅಂಪೈರ್ ಕೈಚೆಲ್ಲಿದರು. ನಾನೇ ಹೋಗಿ ಸ್ವಲ್ಪ ಕಡಿಮೆ ಹೊಗಳಿ ಅಕ್ಕ ಎಂದು ಬೇಡಿಕೊಳ್ಳಬೇಕಾಯಿತು. ಫೈನಲ್ ಗೆದ್ದು ಜಿಲ್ಲಾ ಮಟ್ಟಕ್ಕೆ ಹೋದೆವು.

ಜಿಲ್ಲಾ ಮಟ್ಟದ ಪಂದ್ಯ ಕಾರ್ಕಳದಲ್ಲಿ. ಬಾಡಿಗೆ ಟೆಂಪೋದಲ್ಲಿ ಹನ್ನೆರಡು ಹುಡುಗಿಯರು, ನಾನು, ಮತ್ತು ಟೆಂಪೋದ ಮುಂದಿನ ಸೀಟಿನಲ್ಲಿ ನಾಯಕಿಯ ತಾಯಿ. ಸಿಸ್ಟರಿಗೆ ಆ ದಿನ ಉಡುಪಿಯಲ್ಲಿ ಮೀಟಿಂಗ್ ಇತ್ತು. ಮೂರು ಪಂದ್ಯ ಗೆದ್ದು ಮಧ್ಯಾಹ್ನದ ಮೇಲೆ ಫೈನಲಿಗೆ ಬಂದೆವು. ಎದುರಿಗೆ ಕಾರ್ಕಳದ್ದೇ ತಂಡ, ಸುತ್ತ ಅವರದ್ದೇ ಜನ.

ಆಟ ಮುಗಿಯಲು ಇನ್ನು ಎರಡು ನಿಮಿಷ ಇರುವಾಗ ಅವರು ಇಪ್ಪತ್ತಮೂರು, ನಾವು ಇಪ್ಪತ್ತೆರಡು. ನಮ್ಮ ದಾಳಿ. ಒಂಬತ್ತನೆಯ ತರಗತಿಯ ನಮ್ಮ ಸಪೂರದ ಹುಡುಗಿ ಒಳಗೆ ನುಗ್ಗಿ, ಒಂದು ಕಾಲು ಗಾಳಿಯಲ್ಲಿಟ್ಟು ಇನ್ನೊಂದನ್ನು ಬೋನಸ್ ಗೆರೆಯ ಆಚೆ ಊರಿ, ಚಿಟ್ಟೆ ಹಾರಿದ ಹಾಗೆ ವಾಪಸ್ ಬಂದಳು. ಹಾಗೆ ಗೆರೆ ದಾಟಿ ಬಂದರೆ ಒಂದು ಬೋನಸ್ ಅಂಕ. ಅಂದರೆ ಸಮ. ನಾನು ಕೈ ಮೇಲೆತ್ತಿದೆ. ಅಂಪೈರ್ ಎತ್ತಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಬೇರೆಯವರು ಹೇಳಿದ ಮೇಲೆಯೇ ನನಗೆ ಪೂರ್ತಿ ಗೊತ್ತಾದದ್ದು. ಕುರ್ಚಿ ಹಿಂದಕ್ಕೆ ಬಿತ್ತಂತೆ. ಗೆರೆ ದಾಟಿ ಒಳಗೆ ಹೋದೆನಂತೆ. ಕಣ್ಣು ಎಲ್ಲಿಟ್ಟಿದ್ದೀರಿ ಎಂದು ತುಳುವಿನಲ್ಲಿ ಕೇಳಿದ್ದು ಮಾತ್ರ ನನಗೂ ನೆನಪಿದೆ, ಏಕೆಂದರೆ ಅದನ್ನು ಮೂರು ಸಲ ಕೇಳಿದೆ. ಅಂಪೈರುಗಳ ಮೇಲಿನ ರೆಫ್ರಿ ಸೀಟಿ ಊದಿ ಗಡಿಯಾರ ನಿಲ್ಲಿಸಿದರು. ಅವರೂ ನನ್ನ ಹಾಗೆ ದೈಹಿಕ ಶಿಕ್ಷಕರು, ಇಪ್ಪತ್ತು ವರ್ಷದ ಪರಿಚಯ. ಬೇಸರದಿಂದಲೇ ಜೇಬಿಗೆ ಕೈ ಹಾಕಿ ನನ್ನ ಮುಖದ ಮುಂದೆ ಹಸಿರು ಕಾರ್ಡು ಹಿಡಿದರು.

ಆಗ ನಾಯಕಿ ನನ್ನ ಕಡೆಗೆ ನಡೆದು ಬಂದಳು. ಎರಡೂ ಕೈ ಬೆನ್ನ ಹಿಂದೆ ಇದ್ದವು.

"ಟೀಚರ್, ಅವರು ಐದೇ ಜನ ಇದ್ದದ್ದು, ನೀವು ಎರಡು ನಿಮಿಷ ಹೊರಗೆ ಕೂತ್ಕೊಳ್ಳಿ."

ಎದುರು ಅಂಕಣದಲ್ಲಿ ಆರು ಜನರಾದರೂ ಇದ್ದರೆ ಮಾತ್ರ ಬೋನಸ್. ಇದು ನಾನು ಪ್ರತಿವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಮೊದಲ ವಾರವೇ ಹೇಳಿಕೊಡುವ ಪಾಠ. ಎಣಿಸಿದೆ. ಐದು. ಮತ್ತೊಮ್ಮೆ ಎಣಿಸಿದೆ, ಆಗಲೂ ಐದೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಯಾರೋ ನನಗಾಗಿಯೇ ಕಟ್ಟಿಟ್ಟಿದ್ದರು. ನೆಲ ಬಿರಿಯಬಾರದೇ ಎನಿಸಿತು. ರೆಫ್ರಿಗೆ ಕೈಮುಗಿದು, ಮರುಮಾತಾಡದೆ ಹಗ್ಗದಾಚೆ ಹೋದೆ. ಅಲ್ಲಿ ಕೂರಲು ಇದ್ದದ್ದು ನಾಯಕಿಯ ತಾಯಿಯ ಪಕ್ಕದ ಒಂದು ಮೆಟ್ಟಿಲು. ಅವರು ಸೆರಗಿನಿಂದ ಅದನ್ನು ಒರೆಸಿ ಕೊಟ್ಟರು.

"ಕೂತ್ಕೊಳ್ಳಿ ಟೀಚರ್. ಅವರು ಚೆನ್ನಾಗಿ ಆಡಿದ್ರೆ ಚಪ್ಪಾಳೆ ಹೊಡಿಬೇಕು ಆಯ್ತಾ?"

ನಾಯಕಿ ಟೈಮ್ ಔಟ್ ಕೇಳಿದಳು. ಹುಡುಗಿಯರು ತಲೆಗೆ ತಲೆ ತಾಗಿಸಿ ನಿಂತರು. ಮೂವತ್ತು ಸೆಕೆಂಡ್ ಅವಳೇನು ಹೇಳಿದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಟ ಮತ್ತೆ ಶುರುವಾಯಿತು. ಎದುರಿನ ದಾಳಿಗಾರ್ತಿ ಎಡಕ್ಕೆ ಬಂದಳು, ನಾಯಕಿ ಕಣಕಾಲು ಹಿಡಿದಳು, ಕವರಿನವಳು ಸೊಂಟಕ್ಕೆ ಬಂದಳು. ಇಪ್ಪತ್ತಮೂರು ಸಮ. ನಮ್ಮ ಸಪೂರದವಳು ಹೋಗಿ ಒಂದೇ ದಾಳಿಯಲ್ಲಿ ಇಬ್ಬರನ್ನು ಮುಟ್ಟಿ ಬಂದಳು. ಇಪ್ಪತ್ತೈದು. ನಾನು ಎದ್ದು ನಿಲ್ಲುವ ಮೊದಲೇ ನಾಯಕಿಯ ತಾಯಿ ನನ್ನ ಮಂಡಿಯ ಮೇಲೆ ಕೈಯಿಟ್ಟು ಅದುಮಿದರು.

ಅವರ ಮುಂದಿನ ದಾಳಿ. ದಾಳಿಗಾರ್ತಿ ಹಿಂದಿರುಗುವಾಗ ನಮ್ಮ ಬಲ ಕವರಿನವಳ ಹತ್ತಿರ ಕಾಲು ಬೀಸಿದಳು. ತಾಗಿತೋ ಇಲ್ಲವೋ ಯಾರಿಗೂ ಕಾಣಲಿಲ್ಲ. ಅಂಪೈರ್ ಇಲ್ಲ ಎಂದು ಕೈಯಾಡಿಸಿಯೂ ಆಗಿತ್ತು. ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಮನಸ್ಸು ಅವಳು ಕೈ ಎತ್ತದಿದ್ದರೆ ಸಾಕು ಎಂದು ಬೇಡಿಕೊಂಡಿತು. ಅವಳು ಎತ್ತಿದಳು. ಕಾಲಿನ ಹೆಬ್ಬೆರಳು ತೋರಿಸಿ, ಇಲ್ಲಿ ತಾಗಿತು ಎಂದು ಸನ್ನೆ ಮಾಡಿ ಹೊರಗೆ ನಡೆದಳು. ಇಪ್ಪತ್ತೈದು, ಇಪ್ಪತ್ತನಾಲ್ಕು. ಕಾರ್ಕಳದ ಜನ ಆ ಹುಡುಗಿಗೆ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ, ಗಡಿಯಾರ ನೋಡುತ್ತಿದ್ದೆ. ಕೊನೆಯ ದಾಳಿಗೆ ನಮ್ಮವಳು ದಾಳಿಗೆ ಹೋದವರು ದಾಟಲೇಬೇಕಾದ ಒಳಗಿನ ಗೆರೆ ದಾಟಿ, ಯಾರನ್ನೂ ಮುಟ್ಟದೆ, ಸಮಯ ಮುಗಿಯುವವರೆಗೆ ಉಸಿರು ಹಿಡಿದು ಮರಳಿ ಬಂದಳು. ಉದ್ದದ ಸೀಟಿ ಬಿತ್ತು. ನಾಯಕಿಯ ತಾಯಿ ಮೊದಲು ಹೋಗಿ ತಬ್ಬಿಕೊಂಡದ್ದು ಎದುರು ತಂಡದ ದಾಳಿಗಾರ್ತಿಯನ್ನು. ನಾನು ಮೆಟ್ಟಿಲಿನಲ್ಲಿಯೇ ಕೂತು ಅತ್ತೆ. ಎಷ್ಟು ಸಂತೋಷ, ಎಷ್ಟು ನಾಚಿಕೆ ಎಂದು ಬೇರ್ಪಡಿಸಿ ಹೇಳಲಾರೆ.

ಬಹುಮಾನ ಕೊಟ್ಟು ಮುಗಿದ ಮೇಲೆ ರೆಫ್ರಿ ನನ್ನನ್ನು ಬದಿಗೆ ಕರೆದರು. ನಮ್ಮ ಸಿಸ್ಟರ ಷರತ್ತಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

"ಬರೀ ಹಸಿರು ಕಾರ್ಡಲ್ವಾ ಮೇಡಂ. ಶಾಲೆಗೆ ಕಳಿಸುವ ಕಾಗದದಲ್ಲಿ ಅದು ಇಲ್ಲದಿದ್ದರೂ ಆಗ್ತದೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಜಿಲ್ಲೆ ಗೆದ್ದವರು ಮುಂದೆ ವಿಭಾಗ ಮಟ್ಟಕ್ಕೆ ಹೋಗಬೇಕು. ಕಾರ್ಡಿನ ವಿಷಯ ಸಿಸ್ಟರಿಗೆ ತಿಳಿದರೆ ಅದೂ ಇಲ್ಲ, ಕೆಳಗಿನ ತರಗತಿಯ ಮಕ್ಕಳಿಗೆ ಮುಂದೆ ಕಬಡ್ಡಿಯೂ ಇಲ್ಲ. ಹನ್ನೆರಡು ಮಂದಿ ಮೂರು ತಿಂಗಳು ಬಾಯಿ ಕಟ್ಟಿ ಉಳಿಸಿದ್ದನ್ನು ನಾನು ಅರ್ಧ ನಿಮಿಷದಲ್ಲಿ ಕಳೆದಿದ್ದೆ. ನಾಳೆ ಹೇಳುತ್ತೇನೆ ಸರ್ ಎಂದು ಟೆಂಪೋ ಹತ್ತಿದೆ. ಹುಡುಗಿಯರು ಬೆಳ್ಮಣ್ ದಾಟುವಾಗ ಕಿಟಕಿಯಿಂದ ತಲೆ ಹೊರಹಾಕಿ ಇಡೀ ಊರಿಗೆ ಕೇಳುವ ಹಾಗೆ ಹಾಡಿದರು. ನನ್ನ ಪಕ್ಕ ಬಂದು ಕೂತ ನಾಯಕಿ ಮಾತ್ರ ಹಾಡಲಿಲ್ಲ. ಸಿಸ್ಟರಿಗೆ ಹೇಳುತ್ತೀರಾ ಎಂದು ಮೆಲ್ಲಗೆ ಕೇಳಿದಳು. ನೀನಾದರೆ ಏನು ಮಾಡುತ್ತೀ ಎಂದೆ. ಬಲ ಕವರಿನವಳಿಗೆ ಹೆಬ್ಬೆರಳಿನ ವಿಷಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ ಟೀಚರ್ ಎಂದಳು. ನನ್ನ ತೀರ್ಮಾನ ಅಲ್ಲಿಗೇ ಆಯಿತು.

ಮರುದಿನ ರೆಫ್ರಿಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಬರೆಯಿರಿ ಎಂದೆ. ಆಮೇಲೆ ಸಿಸ್ಟರಿಗೆ ನಾನೇ ಪತ್ರ ಬರೆದೆ. ಐದು ಜನರನ್ನು ಎಣಿಸದೆ ಹಾರಾಡಿದ್ದು, ಹಸಿರು ಕಾರ್ಡು, ಎಲ್ಲವೂ ಅದರಲ್ಲಿತ್ತು. ಕಾರ್ಡು ನನ್ನ ಹೆಸರಿಗೆ ಬಂದದ್ದು, ಮಕ್ಕಳದ್ದು ಏನೂ ತಪ್ಪಿಲ್ಲ ಎಂದೂ ಸೇರಿಸಿದೆ. ಸಿಸ್ಟರ್ ಎರಡು ಸಲ ಓದಿದರು. ಆಮೇಲೆ ನಾಯಕಿಯನ್ನು ಕರೆಸಿದರು.

ಟೀಚರ್ ಬರೆದದ್ದು ನಿಜವಾ ಎಂದು ಕೇಳಿದರು. ನಿಜ ಎಂದಳು. ಒಂದು ಕಾರ್ಡು ಬಂದರೂ ಕಬಡ್ಡಿ ನಿಲ್ಲಿಸುವುದೆಂದು ಮಾತಾಗಿತ್ತಲ್ಲ, ಈಗ ಏನು ಮಾಡಬೇಕು, ನೀನೇ ಹೇಳು ಎಂದರು. ನಾಯಕಿ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಸಿಸ್ಟರ್, ತಪ್ಪು ಮಾಡಿದವರು ಎರಡು ನಿಮಿಷ ಹೊರಗೆ ಕೂತು ಬಂದ್ರೆ ಮತ್ತೆ ಅದನ್ನು ತೆಗೀಬಾರದು ಅಂತ ನಮ್ಮಲ್ಲಿ ಉಂಟು, ಟೀಚರ್ ಕೂತು ಆಗಿದೆ."

ಸಿಸ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಹೋಗಲು ಹೇಳಿದ್ದು ಯಾರು ಎಂದು ವಿಚಾರಿಸಿದರು. ನಾನೇ ಎಂದಳು ನಾಯಕಿ. ಟೀಚರ್ ಎದುರುತ್ತರ ಕೊಟ್ಟರಾ ಎಂದು ಕೇಳಿದರು. ಇಲ್ಲ, ಕೂಡಲೇ ಹೋದರು ಎಂದಳು. ಸಿಸ್ಟರ್ ನನ್ನ ಕಡೆ ತಿರುಗಿದರು. ನನಗೆ ಶಾಲೆಯ ಹುಡುಗಿಯ ಹಾಗೆ ಕಾಲಬೆರಳು ನೋಡುವಂತಾಯಿತು.

"ವಿಭಾಗ ಮಟ್ಟದ ಪಂದ್ಯಕ್ಕೆ ನಾನೂ ಬರ್ತೇನೆ," ಎಂದರು ಕೊನೆಗೆ. "ಟೀಚರ ಪಕ್ಕ ಯಾರಾದರೂ ಕೂರಬೇಕಲ್ಲ."

ನಾಯಕಿ ಥ್ಯಾಂಕ್ಯೂ ಸಿಸ್ಟರ್ ಎಂದು ಹೇಳಿ, ಬಾಗಿಲವರೆಗೆ ನಿಧಾನವಾಗಿ ನಡೆದಳು. ವರಾಂಡಕ್ಕೆ ಕಾಲಿಟ್ಟದ್ದೇ ತಡ, ಅವಳು ಓಡಿದ ಸದ್ದು ಕೊನೆಯ ತರಗತಿಯವರೆಗೂ ಕೇಳಿಸಿತು.